ಕೀಮೋದಿಂದ ಗಡ್ಡೆ ಕರಗಿದ ಮೇಲೂ ಸ್ತನ ಕ್ಯಾನ್ಸರ್ ಮತ್ತೆ ಬರೋದು ಯಾಕೆ? ಇದರಲ್ಲಿ ಕಾಂಡಕೋಶಗಳ (ಸ್ಟೆಮ್ ಸೆಲ್) ಪಾತ್ರವೇನು?

ಔಷಧಿ ಗಡ್ಡೆಯ ಬಹುಪಾಲು ಕೋಶಗಳನ್ನು ಕೊಲ್ಲುತ್ತದೆ. ಆದರೆ ಕ್ಯಾನ್ಸರ್ ಕಾಂಡಕೋಶ ಎನ್ನುವ ಸಣ್ಣ ಗುಂಪೊಂದು ಬದುಕಿ ಉಳಿಯಬಹುದು. ಹೊಸದಾಗಿ ಗಡ್ಡೆ ಕಟ್ಟುವ ತಾಕತ್ತು ಜಾಸ್ತಿ ಇರುವುದೂ ಇವಕ್ಕೇ.

ಉಳಿಯುವುದು ಹೇಗೆ? ದೊಡ್ಡ ಕಾರಣ ಇವುಗಳ ನಿಧಾನ. ಪ್ಯಾಕ್ಲಿಟ್ಯಾಕ್ಸೆಲ್‌ನಂಥ ಕೀಮೋ ಔಷಧಿ ಮುಖ್ಯವಾಗಿ ಹೊಡೆಯುವುದು ಕೋಶ ಎರಡಾಗುವ ಹೊತ್ತಿನಲ್ಲಿ. ಕಾಂಡಕೋಶಗಳಲ್ಲಿ ಹಲವು ಆಗ ಎರಡಾಗದೆ ಸುಮ್ನೆ ಕೂತಿರುತ್ತವೆ. ಔಷಧಿ ಅಷ್ಟಾಗಿ ತಟ್ಟುವುದಿಲ್ಲ. ಚಿಕಿತ್ಸೆ ಮುಗಿದ ತಿಂಗಳು, ವರ್ಷಗಳ ನಂತರ ಮತ್ತೆ ಬೆಳೆಯಲು ಶುರುವಾಗಬಹುದು. ಜೊತೆಗೆ ಇವುಗಳ ಪೊರೆಯಲ್ಲಿ ಎಬಿಸಿಜಿ2 ಥರದ ಪ್ರೋಟೀನುಗಳು ಜಾಸ್ತಿ. ಒಳಗೆ ಬಂದ ಕೆಲವು ಔಷಧಿಗಳನ್ನು ಅವು ಪಂಪಿನ ಹಾಗೆ ಹೊರಗೆ ತಳ್ಳುತ್ತವೆ. ಡಿಎನ್‌ಎಗೆ ಬಿದ್ದ ಏಟನ್ನು ರಿಪೇರಿ ಮಾಡಿಕೊಳ್ಳುವುದರಲ್ಲೂ ಇವು ಚುರುಕು.

2003ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ತಂಡವೊಂದು ಸ್ತನ ಕ್ಯಾನ್ಸರಿನ ಕೋಶಗಳನ್ನು ಬೇರ್ಪಡಿಸಿ ಇಲಿಗಳಿಗೆ ಹಾಕಿತು. ಮೇಲ್ಮೈಯಲ್ಲಿ ಸಿಡಿ44 ಪ್ರೋಟೀನ್ ಇದ್ದು, ಸಿಡಿ24 ಇಲ್ಲದ ಅಥವಾ ಕಡಿಮೆ ಇರುವ ಕೋಶಗಳು ಬರೀ 100 ಇದ್ದರೂ ಗಡ್ಡೆ ಬೆಳೆಯಿತು. ಬೇರೆ ಬಗೆಯವು ಹತ್ತಾರು ಸಾವಿರ ಹಾಕಿದರೂ ಬೆಳೆಯಲಿಲ್ಲ!

ಹಾಗಾದರೆ ಗಡ್ಡೆ ಕಟ್ಟುವ ಈ ಕಾಂಡಕೋಶಗಳನ್ನಷ್ಟೇ ಹುಡುಕಿ ಕೊಂದರೆ ಆಯ್ತು ಅಲ್ವಾ? ನನಗೆ ಅದು ತೀರಾ ಸಲೀಸಾದ ಮಾತು ಅನ್ನಿಸುತ್ತದೆ. ಸಾಮಾನ್ಯ ಕ್ಯಾನ್ಸರ್ ಕೋಶವೂ ಔಷಧಿಯ ಒತ್ತಡಕ್ಕೆ ಕಾಂಡಕೋಶದ ಗುಣ ಪಡೆಯಬಲ್ಲದು. ಕಾಂಡಕೋಶಗಳ ಹೊರತಾಗಿಯೂ ಕಾರಣಗಳಿವೆ: ಈಸ್ಟ್ರೋಜನ್ ಹಾರ್ಮೋನನ್ನು ಹಿಡಿದುಕೊಳ್ಳುವ ಗ್ರಾಹಕ ಪ್ರೋಟೀನಿನ ಜೀನ್ ಬದಲಾಗಿ ಹಾರ್ಮೋನ್ ಚಿಕಿತ್ಸೆ ನಾಟದೆ ಹೋಗುವುದೂ ಉಂಟು.