ದುರ್ಗಾಸ್ತಮಾನ, ಹಂಸಗೀತೆ: ದುರ್ಗದವನೊಬ್ಬನ ಓದು

ಇತ್ತೀಚೆಗೆ ಓದಿದ ಕಾದಂಬರಿಗಳ ಬಗ್ಗೆ ಮುಚ್ಚುಮರೆಯಿಲ್ಲದೆ ಅನಿಸಿಕೆ ಹೇಳಬೇಕೆಂದೂ, ತ.ರಾ.ಸು. ಅವರ ‘ದುರ್ಗಾಸ್ತಮಾನ’ದ ಗಾತ್ರ ಕಂಡು ಹಿಂಜರಿಯುವ ಹೊಸ ಓದುಗರು ಅದರಿಂದಲೇ ಆರಂಭಿಸಬಹುದೇ ಎಂದೂ ಕೇಳಿದ್ದೀರಿ. ನಾನು ಚಿತ್ರದುರ್ಗದವನು. ಈ ಮಳೆಗಾಲದಲ್ಲಿ ಅದನ್ನೂ ಅವರದೇ ‘ಹಂಸಗೀತೆ’ಯನ್ನೂ ಒಂದರ ಬೆನ್ನಿಗೊಂದು ಓದಿದೆ. ‘ದುರ್ಗಾಸ್ತಮಾನ’ ಓದಲೇಬೇಕಾದ ಕೃತಿ. ಆದರೆ ಆರಂಭಕ್ಕೆ ತಕ್ಕದ್ದು ‘ಹಂಸಗೀತೆ’ ಎಂಬುದು ನನ್ನ ಅಭಿಪ್ರಾಯ.

‘ದುರ್ಗಾಸ್ತಮಾನ’ದ ಕೊನೆ ಅದರ ಹೆಸರಿನಲ್ಲೇ ಇದೆ. 1779ರಲ್ಲಿ ಕೋಟೆ ಹೈದರಾಲಿಯ ವಶವಾಗಿ, ಕೊನೆಯ ಪಾಳೆಯಗಾರ ಮದಕರಿ ನಾಯಕ ಶ್ರೀರಂಗಪಟ್ಟಣದ ಸೆರೆ ಸೇರಿದ್ದು ನಮ್ಮೂರಿನ ಮಕ್ಕಳಿಗೂ ಗೊತ್ತು. ಆದ್ದರಿಂದ ಮುಂದೇನು ಎಂಬ ಕುತೂಹಲವನ್ನು ನೆಚ್ಚಿಕೊಳ್ಳಲು ಲೇಖಕರಿಗೆ ಅವಕಾಶವಿರಲಿಲ್ಲ. ಆ ಗತಿ ಹೇಗೆ ಒದಗಿತು ಎಂಬುದರ ಮೇಲೆಯೇ ಅವರು ಇಡೀ ಕಾದಂಬರಿಯನ್ನು ನಿಲ್ಲಿಸಿದ್ದಾರೆ. ಎಳೆಯ ವಯಸ್ಸಿನಲ್ಲೇ ಪಟ್ಟವೇರಿದ ನಾಯಕನಿಗೆ ಒಂದು ಕಡೆ ಮರಾಠರು, ಇನ್ನೊಂದು ಕಡೆ ಹೈದರಾಲಿ. ಒಬ್ಬರಿಗೆ ಪಡೆ ಕಳಿಸಿದರೆ ಇನ್ನೊಬ್ಬರ ಹಗೆ, ಯಾರಿಗೂ ಕಳಿಸದಿದ್ದರೆ ಇಬ್ಬರದೂ. 1770ರಲ್ಲಿ ನಿಜಗಲ್ಲಿನ ಮುತ್ತಿಗೆಯಲ್ಲಿ ಪೇಶ್ವೆ ಮಾಧವರಾಯರ ಪಕ್ಷದಲ್ಲಿ ಕಾದಿದ ದುರ್ಗ, ಒಂಬತ್ತು ವರ್ಷಗಳಲ್ಲಿ ತಾನೇ ಒಂಟಿಯಾಗಿ ಬಿದ್ದ ಇತಿಹಾಸವನ್ನು ನೆನೆದು ಓದಿದರೆ, ಕಾದಂಬರಿಯ ಮಂತ್ರಾಲೋಚನೆಯ ಸಭೆಗಳು ಯುದ್ಧದ ಪುಟಗಳಿಗಿಂತ ಹೆಚ್ಚು ಭಯ ಹುಟ್ಟಿಸುತ್ತವೆ. ಹೆಚ್ಚಿನವರು ಹೊಗಳುವುದು ಕಾಳಗದ ವರ್ಣನೆಯನ್ನು. ನನಗೆ ಈ ಸಭೆಗಳೇ ಕೃತಿಯ ಜೀವಾಳವೆನಿಸಿದವು.

ಕೊರತೆಗಳೂ ಇವೆ (ಊರಿನವನಾಗಿ ಇದನ್ನು ಬರೆಯಲು ತುಸು ಧೈರ್ಯ ಬೇಕು). ನಾಯಕನ ಮೇಲಿನ ಒಲವನ್ನು ಲೇಖಕರು ಮರೆಮಾಚುವುದಿಲ್ಲವಾದ್ದರಿಂದ, ಎದುರಾಳಿಯ ಮನಸ್ಸಿನೊಳಗೆ ನಮಗೆ ಸಿಗುವ ಪ್ರವೇಶ ಸಾಲದು. ಒಮ್ಮೆ ಹೇಳಿದರೆ ನಾಟುವ ಭಾವವನ್ನು ಎರಡು ಮೂರು ಬಗೆಯಲ್ಲಿ ಹೇಳುವ ಅಭ್ಯಾಸವೂ ಅಲ್ಲಲ್ಲಿ ಓಟವನ್ನು ತಡೆಯುತ್ತದೆ. ಇಷ್ಟಾದರೂ, 1984ರಲ್ಲಿ ತ.ರಾ.ಸು. ತೀರಿಕೊಂಡ ಮೇಲೆ, 1985ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಈ ಕೃತಿಗೆ ಸಂದದ್ದು ನ್ಯಾಯವೇ.

‘ಹಂಸಗೀತೆ’ಯಲ್ಲಿ ಆ ಭಾರವಿಲ್ಲ. ಭೈರವಿ ರಾಗದಿಂದ ಹೆಸರಾದ ವೆಂಕಟಸುಬ್ಬಯ್ಯನೆಂಬ ಗಾಯಕನ ಜೀವನವನ್ನು ನಿರೂಪಕ ಹುಡುಕಿಕೊಂಡು ಹೋಗುತ್ತಾನೆ; ಸಿಕ್ಕ ತುಣುಕುಗಳಿಂದ ಗಾಯಕನ ಹಮ್ಮು, ಸಾಧನೆ, ಒಂಟಿತನ ಒಂದೊಂದಾಗಿ ರೂಪುಗೊಳ್ಳುತ್ತವೆ. ಅಧಿಕಾರದ ಮುಂದೆ ಹಾಡಲೊಲ್ಲದೆ ನಾಲಿಗೆಯನ್ನೇ ಕತ್ತರಿಸಿಕೊಂಡವನ ಕತೆಯನ್ನು ಬೇರೆಯವರು ವೀರಗಾಥೆಯಾಗಿಸುತ್ತಿದ್ದರು. ಇಲ್ಲಿ ಅದು ಕಲಾವಿದ ತನ್ನೊಂದಿಗೇ ನಡೆಸಿದ ಜಗಳದ ಕೊನೆಯ ಘಟ್ಟದಂತೆ ಕಾಣುತ್ತದೆ, ಅದಕ್ಕಾಗಿಯೇ ನಂಬಿಕೆಯಾಗುತ್ತದೆ. ಜಿ.ವಿ. ಅಯ್ಯರ್ ಅವರ 1975ರ ಚಿತ್ರ ನೋಡಿದವರೂ ಪುಸ್ತಕವನ್ನು ಓದಬೇಕು; ಹುಡುಕಾಟದ ಸುಖ ಪುಟಗಳಲ್ಲೇ ಹೆಚ್ಚು.

‘ನಾಗರಹಾವು’ ಚಿತ್ರದಿಂದ ಮಾತ್ರ ತ.ರಾ.ಸು. ಅವರನ್ನು ಬಲ್ಲವರಿಗೆ ಒಂದು ಮಾತು: 1972ರ ಆ ಚಿತ್ರ ಮೂರು ಕಾದಂಬರಿಗಳನ್ನು ಬೆಸೆದದ್ದು, ಅದನ್ನು ನೋಡಿದ್ದರಿಂದ ಮೂಲವನ್ನು ಓದಿದಂತಾಗುವುದಿಲ್ಲ.

ಇನ್ನು ‘ದುರ್ಗಾಸ್ತಮಾನ’ಕ್ಕೆ ಮೊದಲು ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ಗಳನ್ನು ಮುಗಿಸಿರಬೇಕೆಂಬ ಕಟ್ಟುಪಾಡಿಲ್ಲ, ಅವು ಮದಕರಿಗಿಂತ ಹಿಂದಿನ ತಲೆಮಾರುಗಳ ಅರಮನೆಯ ಕತೆಗಳು. ಆದರೆ ಆ ಮೂರನ್ನು ಓದುವುದಾದರೆ ಇದೇ ಕ್ರಮದಲ್ಲಿ ಓದಿರಿ.