ತರಬೇತಿ ಒಂದೇ, ಮನೆ ಭೇಟಿ ಮಾತ್ರ ಒಬ್ಬೊಬ್ಬರದು ಒಂದೊಂದು ಥರ

ಪ್ರಶ್ನೆ: ಡಾಕ್ಟರ್ ಮೇಡಂ, ನಾನು ಆಶಾ ಮೇಲ್ವಿಚಾರಕಿ. ನಮ್ಮ ಆಶಾಗಳಿಗೆಲ್ಲ ಹಸುಗೂಸಿನ ಆರೈಕೆಯ ತರಬೇತಿ ಆಗಿದೆ, ಪರೀಕ್ಷೆಯಲ್ಲೂ ಒಳ್ಳೆ ಅಂಕ ಬಂದಿದೆ. ಆದರೆ ಮನೆಗೆ ಹೋದಾಗ ಒಬ್ಬರು ತೂಕ ನೋಡುತ್ತಾರೆ, ಇನ್ನೊಬ್ಬರು ಬಾಗಿಲಲ್ಲೇ ನಿಂತು ‘ಹಾಲು ಕುಡೀತಿದೆಯಾ’ ಅಂತ ಕೇಳಿ ಫಾರಂ ತುಂಬುತ್ತಾರೆ. ಎಲ್ಲರಿಗೂ ಮತ್ತೆ ತರಬೇತಿ ಕೊಡಿಸಲೇ? - ಓದುಗರು, ಕೊಪ್ಪಳ ಜಿಲ್ಲೆ

ಉತ್ತರ: ಬೇಡ. ಮತ್ತೆ ಅದೇ ಹಾಲ್, ಅದೇ ಸ್ಲೈಡು, ಅದೇ ಊಟ ಆಗುತ್ತೆ ಅಷ್ಟೇ. ಉಸಿರು ನಿಮಿಷಕ್ಕೆ 60 ಅಥವಾ ಜಾಸ್ತಿ ಇದ್ದರೆ ಅಪಾಯ ಅಂತ ಪರೀಕ್ಷೆಯಲ್ಲಿ ಬರೆಯೋದು ಸುಲಭ. ಬಟ್ಟೆ ಸುತ್ತಿ ಮಲಗಿಸಿದ ಕೂಸಿನ ಎದೆ ಬಿಚ್ಚಿ, ‘ಥಂಡಿ ಆಗುತ್ತೆ ಬಿಡವ್ವಾ’ ಅಂತ ಅಜ್ಜಿ ಗೊಣಗುತ್ತಿರುವಾಗ ಪೂರ್ತಿ ಒಂದು ನಿಮಿಷ ಎಣಿಸೋದು ಬೇರೆಯೇ ಕೆಲಸ. ಹಾಲ್‌ನಲ್ಲಿ ಅಜ್ಜಿ ಇರೋದಿಲ್ಲ ಅಲ್ವಾ?

ಮನೆಗೇ ಹೋಗಿ ಹಸುಗೂಸನ್ನು ನೋಡೋ ಈ ಕಾರ್ಯಕ್ರಮ ಹುಟ್ಟಿದ್ದು ಮಹಾರಾಷ್ಟ್ರದ ಗಡ್ಚಿರೋಲಿಯಲ್ಲಿ. ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ಅವರ ‘ಸರ್ಚ್’ ಸಂಸ್ಥೆ 1990ರ ದಶಕದಲ್ಲಿ 39 ಹಳ್ಳಿಗಳಲ್ಲಿ ಊರಿನ ಹೆಣ್ಣುಮಕ್ಕಳಿಗೇ ಕಲಿಸಿ ಮಾಡಿದ ಕೆಲಸ ಅದು. ಮೂರನೇ ವರ್ಷಕ್ಕೆ ಹಸುಗೂಸುಗಳ ಸಾವು, ಹೋಲಿಸಿ ನೋಡಿದ ಬೇರೆ ಹಳ್ಳಿಗಳಿಗಿಂತ, 62% ಇಳಿದಿತ್ತು. ಎಲ್ಲರೂ ಈ ಅಂಕಿಯನ್ನೇ ಹೇಳುತ್ತಾರೆ. ಅಲ್ಲಿ ವೈದ್ಯರೊಬ್ಬರು 15 ದಿನಕ್ಕೊಮ್ಮೆ ಪ್ರತಿ ಹಳ್ಳಿಗೂ ಹೋಗಿ, ಬರೆದದ್ದು ಸರಿಯಿದೆಯಾ ಅಂತ ನೋಡಿ, ಅಲ್ಲೇ ತಿದ್ದುತ್ತಿದ್ದರು ಅನ್ನೋದನ್ನು ಮಾತ್ರ ಯಾರೂ ಹೇಳೋದಿಲ್ಲ. 2011ರಲ್ಲಿ ದೇಶಕ್ಕೆಲ್ಲ ಇದರ ಮಾರ್ಗಸೂಚಿ ಬಂತು. ತರಬೇತಿ ಎಲ್ಲ ಕಡೆ ತಲುಪಿತು, ಈ ತಿದ್ದೋ ಕೆಲಸ ಸೊರಗಿತು.

ಹಾಗಾಗಿ ನೀವೇ ನಿಮ್ಮ ಆಶಾಗಳ ಜೊತೆ ಮನೆಗೆ ಹೋಗಿ. ನೀವು ಮಾಡಬೇಡಿ, ಅವರು ಮಾಡಲಿ, ಸುಮ್ನೆ ನೋಡಿ. ತಪ್ಪಿದ್ದನ್ನು ತಾಯಿಯ ಎದುರು ಹೇಳಬೇಡಿ, ಹೊರಗೆ ಬಂದ ಮೇಲೆ ಹೇಳಿ, ಮುಂದಿನ ಮನೆಯಲ್ಲಿ ಮತ್ತೆ ಮಾಡಿಸಿ. ಏನನ್ನು ಬದಲಿಸುವಂತಿಲ್ಲ ಅನ್ನೋದನ್ನು ಮೊದಲೇ ಗಟ್ಟಿ ಮಾಡಿಕೊಳ್ಳಿ: ಕೈ ತೊಳೆಯೋದು, ತೂಕ, ಜ್ವರ ನೋಡೋದು, ಉಸಿರು ಎಣಿಸೋದು, ಪಕ್ಕೆ ಸೆಳೆತ (ಉಸಿರೆಳೆದಾಗ ಎದೆಯ ಕೆಳಭಾಗ ಒಳಕ್ಕೆ ಹೋಗೋದು) ನೋಡೋದು, ಹಾಲು ಕುಡಿಯೋದನ್ನು ಕಣ್ಣಾರೆ ನೋಡೋದು. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸೋದು ನಡೆಯೋದಿಲ್ಲ, ಯಾಕಂದರೆ ಹಸುಗೂಸಿನ ಉಸಿರು ಒಂದೇ ಸಮ ಇರೋದಿಲ್ಲ. 60 ಅಥವಾ ಜಾಸ್ತಿ ಬಂದರೆ ಇನ್ನೊಮ್ಮೆ ಎಣಿಸಬೇಕು. ಉಳಿದದ್ದು, ಮಾತು ಹೇಗೆ ಶುರು ಮಾಡಬೇಕು, ಅತ್ತೆಯನ್ನು ಹೇಗೆ ಒಲಿಸಬೇಕು ಅನ್ನೋದೆಲ್ಲ, ಅವರವರಿಗೇ ಬಿಡಿ. ಅದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಫಾರಂಗಳನ್ನು ಒಟ್ಟಿಗೆ ಹರಡಿಕೊಂಡು ನೋಡಿ. ತೂಕವೆಲ್ಲ ಎರಡೂವರೆ, ಮೂರು ಕೆಜಿ, ಉಸಿರೆಲ್ಲ 40 ಅಂತಿದ್ದರೆ ಯಾರೂ ಅಳೆದಿಲ್ಲ. ಆದರೆ ಬೈಯೋಕೆ ಮುಂಚೆ ಕಾರಣ ಕೇಳಿ. ತೂಕ ಹಾಕಿದರೆ ದೃಷ್ಟಿ ಆಗುತ್ತೆ ಅಂತ ಮನೆಯವರು ಬಿಟ್ಟಿರಲಿಕ್ಕಿಲ್ಲ. ಥರ್ಮಾಮೀಟರ್ ಕೆಟ್ಟು ತಿಂಗಳುಗಟ್ಟಲೆ ಆಗಿರಬಹುದು. ಆಶಾ ಕಳಿಸಿದ ಮಗುವನ್ನು ಆಸ್ಪತ್ರೆಯಲ್ಲಿ ‘ಏನೂ ಇಲ್ಲ’ ಅಂತ ವಾಪಸ್ ಕಳಿಸಿ, ಊರಲ್ಲಿ ಇವರ ಮಾನ ಹೋಗಿರಬಹುದು. ಇದಕ್ಕೆಲ್ಲ ತರಬೇತಿ ಏನು ಮಾಡುತ್ತೆ ಹೇಳಿ? ಅದನ್ನು ನೀವು ಮೆಡಿಕಲ್ ಆಫೀಸರ್ ಹತ್ತಿರ ಮಾತಾಡಿಯೇ ಸರಿಮಾಡಬೇಕು.

ಪ್ರಶ್ನೆ: ಬಾಣಂತಿ ತವರಿಗೆ ಹೋದರೆ ಭೇಟಿ ಯಾರದು? - ಆಶಾ ಕಾರ್ಯಕರ್ತೆ, ಗದಗ ಜಿಲ್ಲೆ

ಉತ್ತರ: ಮಗು ಎಲ್ಲಿದೆಯೋ ಆ ಊರಿನ ಆಶಾದು. ಆಸ್ಪತ್ರೆ ಹೆರಿಗೆಯಾದರೆ 3, 7, 14, 21, 28, 42ನೇ ದಿನ, ಒಟ್ಟು ಆರು ಭೇಟಿ. ಮನೆಯಲ್ಲಿ ಹೆರಿಗೆಯಾದರೆ ಮೊದಲ ದಿನದ್ದೂ ಸೇರಿ ಏಳು. ನಡುವೆ ಊರು ಬದಲಾದರೆ ಉಳಿದ ಭೇಟಿ ಆ ಊರಿನವರದು. ಹೊರಡೋ ದಿನವೇ ಅವರಿಗೆ ಫೋನ್ ಮಾಡಿ ಕೊನೆಯ ತೂಕ ಹೇಳಿಬಿಡಿ, ತಾಯಿ ಕಾರ್ಡ್ ಮರೆಯದೆ ಚೀಲಕ್ಕೆ ಹಾಕಿಸಿ.