ಪಿವಿಸಿಯೋ ಬಿದಿರೋ ಎಂದು ಕೇಳುವ ಮೊದಲು

ಸಂರಕ್ಷಿತ ಕಡಲ ಪ್ರದೇಶದಲ್ಲಿ ಹಾಳಾದ ಕಡಲಹುಲ್ಲನ್ನು ಮತ್ತೆ ನೆಡಲು ಪಿವಿಸಿ ಚೌಕಟ್ಟು ಒಳ್ಳೆಯದೋ ಬಿದಿರಿನದೋ ಎಂದು ಕೇಳಿದ್ದೀರಿ. ಹತ್ತು ವರ್ಷಗಳ ಹಿಂದೆ ಇದೇ ಪ್ರಶ್ನೆಯನ್ನು ಹೊತ್ತು ನಾನು ತಮಿಳುನಾಡಿನ ಮಂಡಪಂನಲ್ಲಿ ಇಳಿದಿದ್ದೆ.

ಅಲ್ಲಿನ ಮನ್ನಾರ್ ಕೊಲ್ಲಿಯ ಸಾಗರ ರಾಷ್ಟ್ರೀಯ ಉದ್ಯಾನ ಘೋಷಣೆಯಾದದ್ದು 1986ರಲ್ಲಿ. ತೂತ್ತುಕುಡಿಯಿಂದ ರಾಮೇಶ್ವರದ ಕಡೆಗೆ ಸಾಲಾಗಿ 21 ದ್ವೀಪಗಳು; ಅವುಗಳಲ್ಲಿ ಎರಡು ಈಗಾಗಲೇ ನೀರಿನಡಿ ಸೇರಿವೆ. ಅರಣ್ಯ ಇಲಾಖೆಯ ಅನುಮತಿ ಪಡೆದಿದ್ದ ಒಂದು ತಂಡದಲ್ಲಿ ನಾನು ಸ್ವಯಂಸೇವಕ. ದಟ್ಟವಾಗಿ ಬೆಳೆದಿರುವ ಕಡೆಯಿಂದ ಹುಲ್ಲಿನ ಬೇರುಕಾಂಡಗಳನ್ನು ತಂದು, ಸೆಣಬಿನ ದಾರದಿಂದ ಚೌಕಟ್ಟಿಗೆ ಕಟ್ಟಿ, ಬೋಳಾದ ತಳದಲ್ಲಿ ಊರುವುದು ನಮ್ಮ ಕೆಲಸ.

ಬೋಳು ಜಾಗವನ್ನು ಗುರುತಿಸಿದವನು ನಾನು. ಹುಲ್ಲಿನ ನಡುವೆ ಉದ್ದಕ್ಕೆ, ನೇರವಾಗಿ, ಗಾಡಿದಾರಿಯಂತೆ ಬಿದ್ದಿದ್ದ ಮರಳಿನ ಪಟ್ಟೆ ಅದು. ಆಳ ಅಳೆದೆ, ಸೆಳೆತ ನೋಡಿದೆ, ಬೆಳಕು ತಳ ಮುಟ್ಟುವುದನ್ನು ಖಚಿತಪಡಿಸಿಕೊಂಡೆ. ಅದು ಯಾಕೆ ಬೋಳಾಯಿತು ಎಂದು ಮಾತ್ರ ಕೇಳಲಿಲ್ಲ. ನಾನು ಮಲೆನಾಡಿನ ಗದ್ದೆಯ ಮನೆಯವನು. ದನ ಓಡಾಡುವ ದಾರಿಯಲ್ಲಿ ಯಾರೂ ಭತ್ತದ ನಾಟಿ ಮಾಡುವುದಿಲ್ಲ ಎಂಬುದು ನನಗೆ ಚಿಕ್ಕಂದಿನಿಂದ ಗೊತ್ತು. ಆದರೂ ನೀರಿನೊಳಗೆ ಆ ತಿಳಿವಳಿಕೆ ಕೈಕೊಟ್ಟಿತು. ಕಡಲ ತಳ ಅಷ್ಟು ನೇರವಾಗಿ ತಾನಾಗಿಯೇ ಬೋಳಾಗುವುದಿಲ್ಲ. ಅದು ಟ್ರಾಲ್ ಬಲೆ, ಅಂದರೆ ಯಂತ್ರದ ದೋಣಿ ಕಡಲ ತಳಕ್ಕೆ ತಾಗಿಸಿ ಎಳೆಯುವ ಬಲೆ, ಹೋದ ಜಾಡು. ದಡದ ಹತ್ತಿರದ ನೀರಿನಲ್ಲಿ ಯಂತ್ರದ ದೋಣಿಗಳು ಮೀನು ಹಿಡಿಯುವಂತಿಲ್ಲ ಎಂದು 1983ರ ಕಾನೂನಿದೆ. ಕಾನೂನಿದೆ ಎಂದಮೇಲೆ ದೋಣಿ ಬರುವುದಿಲ್ಲವೆಂದು ನಾನು ನಂಬಿದೆ. ನಮ್ಮ ನಾಡದೋಣಿಯ ಹಿರಿಯರು ಮೊದಲ ದಿನವೇ ‘ಅಲ್ಲಿ ಯಾಕೆ ತಂಬಿ?’ ಎಂದಿದ್ದರು. ನನ್ನ ಅರೆಬರೆ ತಮಿಳಿಗೆ ಅದು ಕುಶಲಪ್ರಶ್ನೆಯಂತೆ ಕೇಳಿಸಿತು, ನಕ್ಕು ಸುಮ್ಮನಾದೆ.

ಎರಡು ತಿಂಗಳ ನಂತರ ಮುಳುಗಿ ನೋಡಿದರೆ ಒಂದು ಚೌಕಟ್ಟೂ ಇರಲಿಲ್ಲ. ಅದಕ್ಕಿಂತ ಹೆಚ್ಚು ಸಂಕಟವಾದದ್ದು ಹುಲ್ಲು ಕಿತ್ತು ತಂದಿದ್ದ ಜಾಗವನ್ನು ಕಂಡಾಗ. ನಮ್ಮ ಕೈ ಆಡಿದಲ್ಲೆಲ್ಲ ಅದು ತೆಳುವಾಗಿತ್ತು. ಒಂದು ಗಾಯಕ್ಕೆ ಮದ್ದು ಹಚ್ಚಲು ಹೋಗಿ ಇನ್ನೊಂದು ಗಾಯ ಮಾಡಿದ್ದೆ.

ಆದ್ದರಿಂದ ಚೌಕಟ್ಟಿನ ವಿಚಾರವನ್ನು ಬದಿಗಿಡಿ. ನೆಡಲೇಬೇಕೆಂದಾದರೆ ಬಿದಿರನ್ನೇ ಬಳಸಿ. ಪಿವಿಸಿ ಕಿತ್ತುಹೋದರೆ ಕಡಲಿಗೆ ಇನ್ನಷ್ಟು ಪ್ಲಾಸ್ಟಿಕ್ ಸುರಿದಂತೆ. ಆದರೆ ಸದ್ಯಕ್ಕೆ ನೆಡಬೇಡಿ ಎಂದೇ ಹೇಳುತ್ತೇನೆ. ಹತ್ತಿರದ ಮೀನುಗಾರರ ಕೇರಿಯಲ್ಲಿ ಒಂದು ವಾರ ಕುಳಿತು, ರಾತ್ರಿ ಆ ನೀರಿನಲ್ಲಿ ಯಾರ ದೋಣಿ ಓಡುತ್ತದೆ, ಲಂಗರು ಎಲ್ಲಿ ಬೀಳುತ್ತದೆ, ಹೊಲಸು ನೀರು ಎಲ್ಲಿಂದ ಬರುತ್ತದೆ ಎಂದು ಕೇಳಿ. ಕಡಲಹುಲ್ಲು ಪಾಚಿಯಲ್ಲ, ಹೂ ಬಿಡುವ ಗಿಡ, ಗರಿಕೆಯಂತೆ ನೆಲದಡಿಯ ಕಾಂಡದಿಂದ ಹಬ್ಬುತ್ತದೆ. ತುಳಿತ ನಿಂತರೆ ಅಂಚಿನಿಂದ ತಾನೇ ಒಳಗೆ ಬರುತ್ತದೆ.

ಮಂಡಪಂನಲ್ಲಿ ಮುಂದೆ ಮೀನುಗಾರರ ಕೇರಿಯವರೇ ಹಟ ಹಿಡಿದು ಆ ಟ್ರಾಲ್ ದೋಣಿಗಳನ್ನು ತಡೆದರು. ಮೂರನೆಯ ವರ್ಷ ಅದೇ ಹಿರಿಯರ ದೋಣಿಯಲ್ಲಿ ಹೋಗಿ ಮುಳುಗಿದೆ. ಪಟ್ಟೆಯ ಎರಡೂ ಅಂಚುಗಳಲ್ಲಿ ಎಳೆಯ ಹುಲ್ಲು ಒಂದೊಂದು ಮೊಳ ಒಳಗೆ ಬಂದಿತ್ತು.